ಬಲಕ್ಕೆ ನೋಡುವ ಚಟ

ವೇದಿಕೆಯ ಮೇಲೆ ಕೂತರೆ ನನ್ನ ಕತ್ತು ತಾನಾಗಿ ಬಲಕ್ಕೆ ತಿರುಗುತ್ತದೆ. ಇದು ಕತ್ತಿನ ದೋಷವಲ್ಲ, ಕಸುಬಿನದು. ಹಾಡುವವರು ನಡುವೆ, ಅವರ ಬಲಕ್ಕೆ ತಬಲಾ, ಎಡಕ್ಕೆ ಪೇಟಿ ಅಥವಾ ಕೀಬೋರ್ಡು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುವುದೇ ರೂಢಿ. ಎಡಗಡೆ ಕೂತವಳಿಗೆ ಹಾಡುವವರ ಮುಖ ಕಾಣಬೇಕಾದರೆ ಬಲಕ್ಕೇ ನೋಡಬೇಕು. ನಾನು ಅರ್ಧ ಆಯುಷ್ಯ ಹಾಗೆ ನೋಡಿದ್ದೇನೆ. ಪಂಕ್ತಿಯಲ್ಲಿ ಊಟಕ್ಕೆ ಕೂತಾಗಲೂ ಬಲಗಡೆಯವರು ಮೊದಲ ತುತ್ತು ಎತ್ತಿದ ಮೇಲೆಯೇ ನನ್ನ ಕೈ ಎಲೆಗೆ ಹೋಗುತ್ತದೆಂದು ಆಯಿ, ನನ್ನ ತಾಯಿ, ನಗುತ್ತಿದ್ದಳು.

ಪೇಟಿ ಕಲಿಸಿದವರು ಅಪ್ಪ. ಹಗಲು ಕಚೇರಿಯ ಗುಮಾಸ್ತಿಕೆ, ಏಕಾದಶಿಗೆ ವಿಠೋಬನ ಗುಡಿಯಲ್ಲಿ ಭಜನೆಗೆ ಪೇಟಿ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುತ್ತಿದ್ದರು. ಬೈಯುವುದು ಮಾತ್ರ ಪೂರ್ತಿ ಕನ್ನಡದಲ್ಲೇ. ನನ್ನನ್ನು ಗುಡಿಗೆ ಕರೆದೊಯ್ದು ಪಕ್ಕದಲ್ಲಿ ಕೂಡಿಸಿಕೊಂಡು ಹೇಳುತ್ತಿದ್ದರು: “ಬೆರಳು ನೋಡಬ್ಯಾಡ. ಹಾಡೋರ ಉಸುರು ನೋಡು. ಅವರು ಉಸುರು ತಗೊಂಡ್ರಂದ್ರ ಸ್ವರ ಬರ್ತದ. ಅದರ ಕಿಂಚಿತ್ ಹಿಂದ ನೀ ಹೋಗು. ಮುಂದ ಹೋದ್ಯೋ, ಆ ಹಾಡು ಅವರ್ದು ಉಳಿಯೂದಿಲ್ಲ, ನಿಂದಾಗಿಬಿಡ್ತದ.” ಹಾಡು ನನ್ನದಾಗಿಬಿಡುವುದು ಅಷ್ಟು ದೊಡ್ಡ ಅಪರಾಧ ಎಂದೇ ನಾನೂ ನಂಬಿದೆ.

ಪೇಟಿಯಿಂದ ಕೀಬೋರ್ಡಿಗೆ ಬಂದದ್ದು ಹೊಟ್ಟೆಪಾಡಿಗೆ. ಕೀಬೋರ್ಡಿನಲ್ಲಿ ಪಿಯಾನೋ ದನಿ ಒತ್ತಿದರೆ ಪಿಯಾನೋ, ಕೊಳಲು ಒತ್ತಿದರೆ ಕೊಳಲು. ಒಬ್ಬಳನ್ನು ಕರೆದರೆ ಒಂದು ಮೇಳವೇ ಬಂದಂತೆ ಎಂಬ ಲೆಕ್ಕಾಚಾರ ಕರೆಯುವವರದು. ಆರತಕ್ಷತೆ, ಕಾಲೇಜಿನ ಗ್ಯಾದರಿಂಗು, ಶ್ರಾವಣದ ಪ್ರವಚನದ ನಡುವಿನ ಭಕ್ತಿಗೀತೆ, ಎಲ್ಲಕ್ಕೂ ಹೋದೆ. ಕರಪತ್ರದ ತಳದಲ್ಲಿ, ಮುದ್ರಕರ ಹೆಸರಿಗಿಂತ ತುಸುವೇ ಮೇಲೆ, ‘ವಾದ್ಯ ಸಹಕಾರ’ ಎಂದು ಇರುತ್ತಿತ್ತಲ್ಲ, ಆ ಸಹಕಾರ ನಾನು. ಒಂದು ಮದುವೆಯಲ್ಲಿ ನಾನು ಬಾರಿಸುತ್ತಿರುವಾಗಲೇ ಯಾರೋ ಹಿರಿಯರು ಬಂದು ಎಲೆ ಅಡಿಕೆ ತಟ್ಟೆಯನ್ನು ಕೀಬೋರ್ಡಿನ ಮೇಲೆ ಇಟ್ಟು, ಆರಾಮಾಗಿ ಸುಣ್ಣ ಹಚ್ಚಿಕೊಂಡು ಹೋದರು. ನಾನು ತಟ್ಟೆಯ ಈಚೆಗಿನ ಸ್ವರದ ಮನೆಗಳಲ್ಲೇ ಹಾಡು ಮುಗಿಸಿದೆ. ಸಿಟ್ಟು ಬಂದಿತ್ತು, ಆದರೆ ಹಾಡುವವರು ತಪ್ಪಲಿಲ್ಲವಲ್ಲ ಎಂಬ ಸಮಾಧಾನವೂ ಇತ್ತು.

ಆಮೇಲೆ ಸ್ಟುಡಿಯೋ ಕೆಲಸ ಸಿಕ್ಕಿತು. ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಒಂದು ಮನೆಯ ಕೆಳಗಿನ ಖೋಲಿ. ಗೋಡೆಗೆಲ್ಲ ಹಳೆಯ ಗಾದಿ ಬಡಿದು, ಕಿಟಕಿ ಮುಚ್ಚಿ ಮಾಡಿದ ಸ್ಟುಡಿಯೋ. ರೆಕಾರ್ಡಿಂಗ್ ಮಾಡುವವರನ್ನು ನಾವೆಲ್ಲ ಭಾಯಿ ಎನ್ನುತ್ತಿದ್ದೆವು. ಅವರ ಮನೆಯವರು ಇರುತ್ತಿದ್ದುದು ಮೇಲಿನ ಮಹಡಿಯಲ್ಲಿ. ಟೇಕ್ ಶುರುವಾದರೆ ಫ್ಯಾನ್ ಬಂದ್. ಫ್ಯಾನಿನ ಸದ್ದು ಮೈಕಿಗೆ ಬರುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಫ್ಯಾನ್ ಇಲ್ಲದೆ ಗಾದಿಗಳ ನಡುವೆ ಕೂತು ಪ್ರೇಮಗೀತೆಗೆ ಪಿಯಾನೋ ಬಾರಿಸಿದವರಿಗೇ ಗೊತ್ತು ಪ್ರೇಮದ ಕಷ್ಟ. ಅಷ್ಟರಲ್ಲಿ ಮೇಲೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ಭಾಯಿ ಫೋನೆತ್ತಿ, “ಕುಕ್ಕರ್ ಬಂದ್ ಕರೋ ಜೀ, ಟೇಕ್ ಹೈ” ಎಂದು ಬೇಡಿಕೊಳ್ಳುತ್ತಿದ್ದರು. ಕುಕ್ಕರ್ ಬಂದಾದ ದಿನ ನಮಗೆಲ್ಲ ಊಟ ತಡ.

ಅಲ್ಲಿ ನನಗೊಂದು ಹೆಚ್ಚಿನ ಕೆಲಸ ಇತ್ತು, ಟ್ರ್ಯಾಕ್ ಹಾಡುವುದು. ಗಾಯಕರು ಬರುವ ಮೊದಲೇ ಹಾಡನ್ನು ಯಾರಾದರೂ ಹಾಡಿ ಇಡಬೇಕು. ಅದನ್ನು ಅವರ ಫೋನಿಗೆ ಕಳಿಸಿದರೆ ಮನೆಯಲ್ಲಿ ಕೇಳಿ ಕಲಿತುಕೊಂಡು ಬರುತ್ತಾರೆ. ಅವರ ದನಿ ತುಂಬಿದ ಮೇಲೆ ಆ ಮೊದಲಿನ ದನಿಯನ್ನು ಅಳಿಸುತ್ತಾರೆ. ಮನೆ ಎದ್ದು ನಿಂತ ಮೇಲೆ ಸಾರ್ವೆ ಬಿಚ್ಚುವ ಹಾಗೆ. ಭಾಯಿ ಒಂದು ಬಟನ್ ಒತ್ತುತ್ತಿದ್ದರು, ನಾನು ಹೋಗುತ್ತಿದ್ದೆ. ನನಗೇನೂ ಅನ್ನಿಸುತ್ತಿರಲಿಲ್ಲ ಅಂದರೆ ಸುಳ್ಳಾದೀತು. ಆದರೆ ಚಹಾ ಬರುವಷ್ಟರಲ್ಲಿ ಮರೆಯುತ್ತಿದ್ದೆ.

ನಾನು ಹೆಚ್ಚು ಟ್ರ್ಯಾಕ್ ಹಾಡಿದ್ದು ಕಮಲಾಪುರದ ಅಕ್ಕನಿಗೆ. ಒಕ್ಕಲುತನದ ಮನೆಯ ಹೆಣ್ಣುಮಗಳು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ತತ್ವಪದ, ಜನಪದ, ಜೋಗುಳ ಏನೇ ಹಾಡಿದರೂ ಭಾಯಿ ಮೈಕನ್ನು ಒಂದು ಮಾರು ಹಿಂದೆ ಸರಿಸಬೇಕಾಗುತ್ತಿತ್ತು, ಅಂಥ ದನಿ. ಬಸ್ಸಿನಲ್ಲಿ ಬರುವಾಗ ಚೀಲದ ತುಂಬ ಅವರ ಹೊಲದ ಕೆಂಪು ಬಾಳೆ ತರುತ್ತಿದ್ದರು. ಇನ್ನೂ ಹಣ್ಣಾಗದ ಗೊನೆಯನ್ನು ಭಾಯಿಯ ಆಂಪ್ಲಿಫೈಯರ್ ಮೇಲೆ ಇಡುತ್ತಿದ್ದರು, ಆ ಶಾಖಕ್ಕೆ ಬೇಗ ಹಣ್ಣಾಗಲಿ ಅಂತ.

“ಅಕ್ಕಾ, ಮಷೀನ್ ಅದರೀ ಅದು, ದುಕಾನ್ ಅಲ್ಲ” ಎನ್ನುತ್ತಿದ್ದರು ಭಾಯಿ.

“ಇರ್ಲಿ ಬಿಡೋ ಯಪ್ಪಾ. ನಿನ್ ಮಷೀನಿಗೂ ಒಂದೀಟು ವಾಸನಿ ಬರ್ಲಿ.”

ನನ್ನನ್ನು ಅವರು ‘ಪೇಟಿ ತಂಗಿ’ ಎಂದು ಕರೆಯುತ್ತಿದ್ದರು. ಕಾರ್ಯಕ್ರಮಗಳಿಗೂ ನನ್ನನ್ನೇ ಕರೆದೊಯ್ಯುತ್ತಿದ್ದರು. ವೇದಿಕೆಯ ಮೇಲೆ ನಮ್ಮಿಬ್ಬರ ನಡುವೆ ಒಂದು ಸನ್ನೆ ಇತ್ತು. ಯಾವತ್ತೂ ಮಾತಾಡಿ ಗೊತ್ತುಮಾಡಿಕೊಂಡದ್ದಲ್ಲ. ನಾನು ಹಾಡಿನ ಮೊದಲ ಬಿಟ್, ಅಂದರೆ ಹಾಡಿಗೆ ಮುಂಚೆ ಬರುವ ಬರೀ ವಾದ್ಯದ ತುಣುಕು, ಬಾರಿಸುತ್ತಿರುತ್ತಿದ್ದೆ. ಅಕ್ಕ ಜನರನ್ನು ನೋಡುತ್ತ, ನೋಡುತ್ತ, ಒಂದು ಗಳಿಗೆಗೆ ಸೆರಗಿನ ತುದಿ ಎಳೆದು ಸೊಂಟಕ್ಕೆ ಸಿಗಿಸುತ್ತಿದ್ದರು, ರೊಟ್ಟಿ ಬಡಿಯಲು ಕೂಡುವವರು ಸಿಗಿಸಿಕೊಳ್ಳುತ್ತಾರಲ್ಲ, ಹಾಗೆ. ಸೆರಗು ಸಿಗಿಸಿದರೆ ಮುಂದಿನ ಉಸಿರಿಗೆ ಹಾಡು. ಅಲ್ಲಿಯವರೆಗೆ ನಾನು ಅದೇ ಬಿಟ್ಟನ್ನು ಸುತ್ತಿಸುತ್ತಿರಬೇಕು. ಒಂದೊಂದು ಸಲ ಪರಿಚಯದವರು ಕಂಡರೆ, ನಾನು ಬಾರಿಸುತ್ತಿರುವಾಗಲೇ, ಮನೆಯಲ್ಲಿ ಎಲ್ಲ ಆರಾಮೇನು ಎಂದು ಕೈಸನ್ನೆಯಲ್ಲೇ ವಿಚಾರಿಸುತ್ತಿದ್ದರು. ವಿಚಾರಣೆ ಮುಗಿದ ಮೇಲೆ ಸೆರಗು.

ನಾನು ಹಾಡು ಕಟ್ಟಲು ಶುರುಮಾಡಿದ್ದು ಬೇಕಂತಲ್ಲ. ಒಂದು ಸಲ ಅಕ್ಕನ ಜೋಗುಳಕ್ಕೆ ಟ್ರ್ಯಾಕ್ ಹಾಡಬೇಕಿತ್ತು. ಸಾಹಿತ್ಯ ಬರೆಯುವವರು ಪಲ್ಲವಿ ಕಳಿಸಿ ಸುಮ್ಮನಾಗಿದ್ದರು, ಚರಣ ಇನ್ನೂ ಅವರ ತಲೆಯಲ್ಲೇ ಇತ್ತು. ಇಂಥ ಹೊತ್ತಿನಲ್ಲಿ ನಾವು ಬಾಯಿಗೆ ಬಂದ ಮಾತು ತುಂಬಿ ಹಾಡಿಬಿಡುತ್ತೇವೆ. ಅದಕ್ಕೆ ಡಮ್ಮಿ ಸಾಹಿತ್ಯ ಅನ್ನುತ್ತಾರೆ. ಆಯಿ ಬೆಳಿಗ್ಗೆ ಮಾಳಿಗೆಯ ಮೇಲೆ ಸಂಡಿಗೆ ಹಾಕಿ, ಕಾಗೆ ಕಾಯಲು ನನ್ನನ್ನು ಕೂಡಿಸಿದ್ದಳು. ಅದೇ ತಲೆಯಲ್ಲಿತ್ತು, ಅದನ್ನೇ ಹಾಡಿದೆ:

ಮಾಳಿಗಿ ಮ್ಯಾಲ ಸಂಡಿಗಿ ಹಾಕೀನಿ
ಬಿಸಿಲೇ ನಿಲ್ಲೋ ಒಂದಿಷ್ಟು,
ಕಾಗಿ ಬಂದರ ಕೈಯ ಬೀಸೋ
ನಾ ನೀರ ಕುಡದು ಬರುವಷ್ಟು.

ಮರುದಿನ ಅಕ್ಕ ಬಸ್ಸಿಳಿದು ಸ್ಟುಡಿಯೋಕ್ಕೆ ಬಂದವರು ಚೀಲ ಕೆಳಗಿಡದೆ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು.

“ಕಲಬುರ್ಗ್ಯಾಗ ಕುಂತು ಬಿಸಲಿಗಿ ನಿಲ್ಲಂತಿಯಲ್ಲ ಯವ್ವಾ! ಹೋಗಂದ್ರೂ ಹೋಗಲ್ಲದು.” ಆಮೇಲೆ ನಗು ನಿಲ್ಲಿಸಿ ಕೇಳಿದರು, “ಯಾರ ಮಾತು ಇವು?”

“ಡಮ್ಮಿ ಅವ್ರಿ ಅಕ್ಕಾ. ಖರೇ ಚರಣ ಇವತ್ತ ಬರ್ತದ.”

“ಇದಕಿಂತ ಖರೇದು ಏನ್ ಬರ್ತದ?” ಎಂದರು.

ಖರೇ ಚರಣ ಬಂತು. ಅದರಲ್ಲಿ ಚಂದ್ರ, ತಾವರೆ, ಮುತ್ತು, ರತ್ನ ಎಲ್ಲ ಇದ್ದವು. ಅಕ್ಕ ಅದನ್ನೇ ಹಾಡಿದರು, ಭಾಯಿ ಬಟನ್ ಒತ್ತಿದರು, ನನ್ನ ಸಂಡಿಗೆ ಹೋಯಿತು. ಆದರೆ ಅಂದಿನಿಂದ ಅಕ್ಕನಿಗೆ ಹುಚ್ಚು ಹಿಡಿಯಿತು. ಬಂದಾಗಲೆಲ್ಲ, “ಹೊಸಾ ಡಮ್ಮಿ ಏನರೆ ಮಾಡಿಯೇನು?” ಎಂದು ಕೇಳುವರು. ಅವರು ಕೇಳುತ್ತಾರೆಂದು ನಾನು ಮಾಡತೊಡಗಿದೆ. ಶರಣಬಸವೇಶ್ವರ ಗುಡಿಯ ಹತ್ತಿರ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಟ್ಟು ಆಟೋಕ್ಕೆ ಕಾಯುವಾಗ ಒಂದು, ಆಯಿಯ ತಲೆಗೆ ಎಣ್ಣೆ ಹಚ್ಚುವಾಗ ಒಂದು. ನನ್ನ ಬಾಯಲ್ಲಿ ಹುಟ್ಟಿದರೂ ಒಳಗೆ ಅವು ಅಕ್ಕನ ದನಿಯಲ್ಲೇ ಕೇಳುತ್ತಿದ್ದವು. ಅವರ ದನಿ ಎಲ್ಲಿಯವರೆಗೆ ಏರುತ್ತದೆ, ಎಲ್ಲಿ ಒರಟಾಗಿ ಚಂದ ಕೇಳಿಸುತ್ತದೆ ಎಂದು ಲೆಕ್ಕ ಹಾಕಿಯೇ ಕಟ್ಟುತ್ತಿದ್ದೆ. ಕೊನೆಗೆ ಅಕ್ಕನೇ ಭಾಯಿಯ ಮುಂದೆ ಹೇಳಿಬಿಟ್ಟರು, ಈ ಸಲ ಇವಳ ಹಾಡುಗಳನ್ನೇ ನಾನು ಹಾಡುತ್ತೇನೆ, ದೀಪಾವಳಿ ಮುಗಿಯಲಿ, ಎಂದು. ನನಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ.

ದೀಪಾವಳಿಗೂ ಮುಂಚೆ ಅಕ್ಕನ ಕುತ್ತಿಗೆಯಲ್ಲಿ ಗಂಟು ಕಂಡಿತು. ಥೈರಾಯಿಡ್ ಎಂದು ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಗಂಟು ದನಿಯ ನರಕ್ಕೇ ಅಂಟಿಕೊಂಡಿತ್ತಂತೆ, ನರ ಸೋತಿತು. ತಿಂಗಳು ಕಾಯಿರಿ ಅಂದರು ಡಾಕ್ಟರು, ಆಮೇಲೆ ಇನ್ನೂ ಕಾಯಿರಿ ಅಂದರು. ಒಂದು ಹೊತ್ತಿಗೆ ಹಾಗೆ ಹೇಳುವುದನ್ನೂ ಬಿಟ್ಟರು.

ನಾನು ಕಮಲಾಪುರಕ್ಕೆ ಹೋದೆ. ಮಧ್ಯಾಹ್ನದ ಹೊತ್ತು. ಅಕ್ಕ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ನೋಡಿ ಏನೋ ಅಂದರು, ಕೇಳಿಸಲಿಲ್ಲ. ಮೈಕ್ ಹಿಂದೆ ಸರಿಸಬೇಕಾಗುತ್ತಿದ್ದ ಆ ಬಾಯಿಗೆ ನಾನು ಕಿವಿ ತಾಗಿಸಿ ಕೇಳಬೇಕಾಯಿತು. “ಚಾ ಕುಡಿತಿಯೇನು?” ಎಂದು ಕೇಳಿದ್ದರು ಅಷ್ಟೇ. ನಾನು ಅತ್ತುಬಿಟ್ಟೆ. ಅಕ್ಕ ಮೊರ ಪಕ್ಕಕ್ಕಿಟ್ಟು ನನ್ನ ಬೆನ್ನು ಸವರಿದರು. ಸಮಾಧಾನ ಹೇಳಲು ಹೋದವಳು ನಾನು.

ಚಹಾ ಕುಡಿದ ಮೇಲೆ ಫೋನ್ ತೆಗೆದು ಏನೋ ಹಚ್ಚಿದರು. ಸಂಡಿಗೆಯ ಹಾಡು, ನನ್ನ ದನಿಯಲ್ಲಿ. ಕಲಿಯಲೆಂದು ಭಾಯಿ ಕಳಿಸಿದ ಟ್ರ್ಯಾಕುಗಳು ಸ್ಟುಡಿಯೋದಲ್ಲಿ ಅಳಿಸಿಹೋಗಿದ್ದವೇ ಹೊರತು ಅವರ ಫೋನಿನಲ್ಲಿ ಅಲ್ಲ. ಅದು ನನಗೆ ಹೊಳೆದೇ ಇರಲಿಲ್ಲ. ಒಲೆಯ ಮುಂದೆ ಕೂತಾಗ ಅದನ್ನೇ ಹಚ್ಚಿಕೊಳ್ಳುತ್ತಾರಂತೆ.

“ನೀ ಹಾಡು ಇನ್ನ” ಎಂದರು, ಪಿಸುಮಾತಿನಲ್ಲಿ.

“ಅವು ನಿಮಗಂತ ಕಟ್ಟಿದ್ದ್ರಿ ಅಕ್ಕಾ. ನಿಮ್ಮ ದನಿ ಬರೂತನಕಾ ಇರ್ಲಿ.”

“ಬರಲಿಲ್ಲಂದ್ರ? ಸಂಡಿಗಿ ಕೊಳೀಲೇನು ಅಲ್ಲೇ?”

“ನಾ ಸಾಥ್ ಮಾಡಾಕಿ. ನನಗ ಯಾರರೆ ಮುಂದ ಇರಬೇಕ್ರಿ. ಹಿಂದಿಂದ ಬರೂದಷ್ಟ ನನಗ ಗೊತ್ತು.”

ಅಕ್ಕ ನನ್ನನ್ನೇ ನೋಡಿದರು. “ಹಿಂದೇ ಇರವ್ವಾ. ಯಾರ್ ಬ್ಯಾಡಂದಾರ? ಆದ್ರ ಹಾಡು” ಎಂದರು. ಹೊರಡುವಾಗ ಚೀಲದ ತುಂಬ ಬಾಳೆ ಕೊಟ್ಟರು. ಅರ್ಧದಷ್ಟು ಕಾಯಿ. ಭಾಯಿಯ ಮಷೀನಿನ ಮೇಲೆ ಇಡೆಂದು ಸನ್ನೆ ಮಾಡಿದರು.

ಇಟ್ಟೆ. ಹಣ್ಣಾಗುವಷ್ಟರಲ್ಲಿ ಸಂಡಿಗೆಯ ಹಾಡು, ಈಗ ನನ್ನದೇ ಪಲ್ಲವಿ, ನನ್ನದೇ ಧಾಟಿ ಕೂಡಿಸಿ, ರೆಕಾರ್ಡ್ ಆಗಿತ್ತು. ಪಿಯಾನೋ ನನ್ನದೇ, ದನಿಯೂ ನನ್ನದೇ. ಭಾಯಿ ಅಭ್ಯಾಸಬಲದಿಂದ ಬಟನ್ ಕಡೆ ಬೆರಳು ಒಯ್ದು, ನನ್ನ ಮುಖ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡರು. “ಇದ್ರ ಮ್ಯಾಲ ಯಾರೂ ಬರಲ್ಲ ಅಲ್ರಿ?” ಎಂದು ಕೇಳಿದರು. ಯಾರೂ ಬರುವುದಿಲ್ಲ ಎಂದೆ. 

ಹಾಡು ಫೋನಿನಿಂದ ಫೋನಿಗೆ ಹೋಯಿತು. ಐವಾನ್-ಎ-ಶಾಹಿ ಕಡೆ ವಾಕಿಂಗ್ ಹೋಗುವ ಹೆಂಗಸರು ನನ್ನನ್ನು ನಿಲ್ಲಿಸಿ, “ಸಂಡಿಗಿ ಹಾಡಿನವರಲ್ಲೇನ್ರಿ?” ಎಂದು ಕೇಳತೊಡಗಿದರು. ಒಬ್ಬರಂತೂ ಸಂಡಿಗೆ ಮಾರುತ್ತೇನೆಂದೇ ತಿಳಿದು ಎರಡು ಕಿಲೋ ಕೇಳಿದರು. ಇನ್ನೊಂದು ಹಾಡು ಬಂತು, ಮತ್ತೊಂದು ಬಂತು. ರೆಕಾರ್ಡಿಂಗಿನಲ್ಲಿ ನನಗೆ ತೊಂದರೆಯೇ ಆಗಲಿಲ್ಲ. ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಎಂದು ತಾಳ ಬರುತ್ತದೆ, ಅದರ ಹಿಂದೆ ಹೋಗುತ್ತಿದ್ದೆ. ಹಾಡುಗಾರ್ತಿಯಾದೆ ಎಂದು ಎಲ್ಲರೂ ಅಂದರು, ನಾನೂ ಅಂದುಕೊಂಡೆ.

ಸಂಕ್ರಾಂತಿ ಮುಗಿದ ಮೇಲೆ ಕಮಲಾಪುರದ ಹೆಣ್ಣುಮಕ್ಕಳು ಅರಿಶಿನ ಕುಂಕುಮದ ಜೊತೆ ಒಂದು ಹಾಡಿನ ಕಾರ್ಯಕ್ರಮ ಇಟ್ಟುಕೊಳ್ಳುತ್ತಾರೆ. ಪ್ರತಿ ವರ್ಷ ಅಲ್ಲಿ ಹಾಡುತ್ತಿದ್ದವರು ಅಕ್ಕ. ಆಪರೇಷನ್ನಾದ ವರ್ಷ ಹಾಡಿಲ್ಲದೆ ಮುಗಿಸಿದ್ದರು; ಮರುವರ್ಷ ಪೇಟಿ ತಂಗಿಯನ್ನು ಕರೆಯಿರೆಂದು ಅಕ್ಕನೇ ಹೇಳಿದ್ದರಂತೆ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮೂರು ಗಂಟೆಯ ಬಿಸಿಲು. ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಕ್ಕ, ಹಸಿರು ಇಳಕಲ್ ಸೀರೆ ಉಟ್ಟು, ಮಡಿಲಲ್ಲಿ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು. ಕರಪತ್ರದಲ್ಲಿ ನನ್ನ ಹೆಸರು ಮೊದಲ ಸಲ ಮೇಲೆ ಇತ್ತು. ವಾದ್ಯ ಸಹಕಾರ ಎಂಬಲ್ಲಿ ತಬಲಾದವರೊಬ್ಬರೇ. ಅವರು ಹಿರಿಯರು, ಜೊತೆಗೆ ಬಾರಿಸಿ ಬಾರಿಸಿ ಪಳಗಿದ ಕೈ.

ನಾನು ನಡುವೆ ಕೂತೆ. ಅಲ್ಲಿ ನಾನು ಯಾವತ್ತೂ ಕೂತಿರಲಿಲ್ಲ. ಸಂಡಿಗೆಯ ಹಾಡಿನ ಮೊದಲ ಬಿಟ್ ಶುರುಮಾಡಿದೆ. ಪಿಯಾನೋ ದನಿ, ಚಿಕ್ಕ ಬಿಟ್. ಮುಗಿಯಿತು. ನನ್ನ ಕತ್ತು ಬಲಕ್ಕೆ ತಿರುಗಿತು.

ಹಾಡುವವರು ಬರಲೆಂದು ನಾನು ಕಾಯುತ್ತಿದ್ದೆ.

ಬಲಕ್ಕೆ ಇದ್ದವರು ತಬಲಾದವರು. ನಾನು ಅವರಿಗೇ ಏನೋ ಸನ್ನೆ ಮಾಡಿದೆನೆಂದು ತಿಳಿದು, ಹುರುಪಿನಿಂದ ಕೈಚಳಕ ತೋರಿಸಿ, ಮೂರು ಸಲ ತಿರುಗಿಸಿ ಬಾರಿಸಿ ನಿಲ್ಲಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನು ಬಿಟ್ಟನ್ನು ಮತ್ತೆ ಸುತ್ತಿಸಿದೆ. ಹಾಡಬೇಕಾದವಳು ನಾನೇ ಎಂದು ತಲೆಗೆ ಗೊತ್ತಿತ್ತು. ಬಾಯಿಗೆ ಗೊತ್ತಿರಲಿಲ್ಲ. ಯಾರ ಉಸಿರೂ ಕಾಣದೆ ನನ್ನ ಉಸಿರು ಹೊರಡುತ್ತಿರಲಿಲ್ಲ. ಬಿಟ್ ಮುಗಿಯಿತು, ಮತ್ತೆ ಕತ್ತು ಬಲಕ್ಕೆ, ತಬಲಾದವರು ಮತ್ತೆ ಕೈಚಳಕ, ಮತ್ತೆ ಚಪ್ಪಾಳೆ, ಈ ಸಲ ಕಡಿಮೆ. ತಬಲಾದವರು ಬಾಗಿ, “ಬರ್ರಿ ಮೇಡಂ, ಬರ್ರಿ” ಎಂದರು. ಎಲ್ಲಿಗೆ ಬರಲಿ? ಹಿಂದಿನ ಸಾಲಿನಲ್ಲಿ ಮಾತು ಶುರುವಾಯಿತು. ನನ್ನ ಬೆರಳು ಬೆವರಿ ಜಾರತೊಡಗಿದವು. ಎದ್ದು ಹೋಗಿಬಿಡೋಣ, ಇನ್ನು ಈ ಜನ್ಮದಲ್ಲಿ ಯಾರ ಎದುರೂ ಹಾಡುವುದು ಬೇಡ ಅನ್ನಿಸಿತು. ಆ ಅಂಗಳದಲ್ಲಿ ಎದ್ದಿದ್ದರೆ ಮತ್ತೆ ಕೂಡುತ್ತಿರಲಿಲ್ಲ, ಅಷ್ಟು ನನಗೆ ನನ್ನ ಪರಿಚಯವಿದೆ.

ಅಷ್ಟರಲ್ಲಿ ಎದುರಿಗೆ ಏನೋ ಹಸಿರು ಅಲುಗಿತು. ಅಕ್ಕ ಬಾಳೆಹಣ್ಣಿನ ಬುಟ್ಟಿಯನ್ನು ಪಕ್ಕದವರ ಮಡಿಲಿಗೆ ದಾಟಿಸಿ ಎದ್ದು ನಿಂತಿದ್ದರು. ನನ್ನ ಕಣ್ಣನ್ನೇ ನೋಡುತ್ತ ಸೆರಗಿನ ತುದಿ ಎಳೆದು ಸೊಂಟಕ್ಕೆ ಸಿಗಿಸಿದರು.

ಮುಂದಿನ ಉಸಿರಿಗೆ ಅವರ ತುಟಿ ತೆರೆಯಿತು. ಮಾಳಿಗಿ ಮ್ಯಾಲ. ದನಿ ಇರಲಿಲ್ಲ, ತುಟಿ ಇತ್ತು, ಎದೆಯ ಏರಿಳಿತ ಇತ್ತು. ನನಗೆ ಅಷ್ಟೇ ಬೇಕಿತ್ತು. ಅವರ ಕಿಂಚಿತ್ ಹಿಂದೆ, ಅಪ್ಪ ಹೇಳಿದಷ್ಟೇ ಹಿಂದೆ, ನಾನು ಹಾಡಿದೆ. ಅವರು ಎಲ್ಲಿ ನಿಲ್ಲಿಸಿದರೋ ಅಲ್ಲಿ ನಿಲ್ಲಿಸಿದೆ, ಎಲ್ಲಿ ಏರಿದರೋ ಅಲ್ಲಿ ಏರಿದೆ. ಹಾಡು ಮುಗಿಯುವತನಕ ಅಕ್ಕ ಕೂಡಲಿಲ್ಲ. ಹಿಂದಿನವರು “ಕೂಡ್ರಿ ಅಕ್ಕಾ, ಕಾಣವಲ್ದು” ಎಂದು ಕೂಗಿದರೂ ಕೂಡಲಿಲ್ಲ. ಎರಡನೆಯ ಹಾಡನ್ನು ಕೂತುಕೊಂಡೇ ಹಾಡಿದರು. ಆಮೇಲೆ ಯಾವುದೋ ಒಂದು ಹಾಡಿನ ನಡುವೆ, ನಾನು ಅವರ ಕಡೆ ನೋಡುವುದನ್ನು ಮರೆತಿದ್ದೆ.

ಈಗ ಬೀದರಿಗೂ ಹೋಗುತ್ತೇನೆ, ರಾಯಚೂರಿಗೂ ಹೋಗುತ್ತೇನೆ, ನನ್ನ ಹಾಡು ನಾನೇ ಹಾಡಿ ಬರುತ್ತೇನೆ. ಕತ್ತು ಇನ್ನೂ ಒಮ್ಮೊಮ್ಮೆ ಬಲಕ್ಕೆ ತಿರುಗುತ್ತದೆ. ತಬಲಾದವರಿಗೆ ಮೊದಲೇ ಹೇಳಿರುತ್ತೇನೆ, ಅದು ನಿಮಗಲ್ಲರಿ, ಎಂದು.

ಆ ದಿನ ಕಾರ್ಯಕ್ರಮ ಮುಗಿದು, ಕುಂಕುಮ ಹಚ್ಚಿಸಿಕೊಂಡು, ಉಡಿ ತುಂಬಿಸಿಕೊಂಡು ನಾನು ಕೆಳಗಿಳಿದೆ. ಅಕ್ಕ ನನ್ನ ಕೈ ಹಿಡಿದು ಶಾಮಿಯಾನದ ಮೂಲೆಗೆ ಎಳೆದೊಯ್ದರು. ನಾನು ಅವರ ಬಾಯಿಗೆ ಕಿವಿ ಕೊಟ್ಟೆ.

“ಯಾರಿಗಿ ಕಾಯ್ಲಾಕತ್ತಿದ್ದಿ ಅಷ್ಟೊತ್ತು?”

“ನಿಮಗರಿ.”

 ಅವರು ಸೊಂಟಕ್ಕೆ ಸಿಗಿಸಿದ ಸೆರಗು ಹಾಗೇ ಇತ್ತು, ಬಿಚ್ಚಿರಲಿಲ್ಲ. ಹಣೆಯ ಮೇಲೆ ಬೆವರು, ಹಾಡಿದ ಮೇಲೆ ಯಾವಾಗಲೂ ಬರುತ್ತಿದ್ದ ಹಾಗೆ. ಕಣ್ಣು ತುಂಬಿತ್ತು.

“ಭಾಳ ದಿನಕ್ಕ ನಾ ಹಾಡಿದೆ ನೋಡು ತಂಗಿ ಇವತ್ತ” ಎಂದರು. “ಗಂಟ್ಲ ಒಂಚೂರೂ ನೋಯಲಿಲ್ಲ.”

“ಚಲೋ ಹಾಡಿದ್ರಿ ಅಕ್ಕಾ” ಎಂದೆ.